ಏಳೂ ಇಪ್ಪತ್ತರ ಬಸ್ಸು

ಜೂನ್ 8, ಸೋಮವಾರ

ಇವತ್ತೂ ಎರಡು ಚಡ್ಡಿ. ಒಂದು ಮೈಮೇಲಿದ್ದದ್ದು. ಇನ್ನೊಂದು ಸ್ಕೂಲ್ ಬ್ಯಾಗಿನ ತಳದಲ್ಲಿ, ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ, ಪುಸ್ತಕಗಳ ಕೆಳಗೆ ಬಚ್ಚಿಟ್ಟದ್ದು. ಹಿತ್ತಲ ನಲ್ಲಿಯ ಕೆಳಗೆ ಕೂತು ಉಜ್ಜಿದೆ. ಕಲೆ ಹೋಗಲಿಲ್ಲ, ಬ್ರಷ್ಷಿನ ಕೂದಲು ಹೋಯಿತು.

ಜೀವಮಾನವೆಲ್ಲ ಬಸ್ಸು ಓಡಿಸಿದ ಕೈ. ರಿಟೈರಾದ ಮೇಲೆ ಸಿಕ್ಕಿದ ಡ್ಯೂಟಿ ಇದು.

ಮಗಳು ಬೆಳಕು ಹರಿಯುವ ಮೊದಲೇ ನೂಲಿನ ಮಿಲ್ಲಿಗೆ ಓಡುತ್ತಾಳೆ. ಅಳಿಯ ಎಲ್ಲೋ ದೂರದಲ್ಲಿ ಕ್ರೇನ್ ಮೇಲೆ ಕೂತಿರುತ್ತಾನೆ, ತಿಂಗಳಿಗೊಂದು ಸಲ ಕೆಳಗಿಳಿದು ಮನೆಗೆ ಬರುತ್ತಾನೆ. ಉಳಿದವರು ನಾನು, ಬುಗುರಿ. ಏಳು ತುಂಬಿದ ಮೊಮ್ಮಗಳು. ಮಗ್ಗಿ ಹಿಂದುಮುಂದಾಗಿ ಒಪ್ಪಿಸುತ್ತಾಳೆ. ಕಕ್ಕ ಬಂದದ್ದು ಮಾತ್ರ ಗೊತ್ತಾಗುವುದಿಲ್ಲವಂತೆ!

"ನಿಜವಾಗ್ಲೂ ಗೊತ್ತಾಗಲ್ವೇನೇ?"

"ಇಲ್ಲ ತಾತ."

"ಬೀದಿಗೆಲ್ಲ ಗೊತ್ತಾಗುತ್ತೆ, ನಿನಗೆ ಗೊತ್ತಾಗಲ್ಲ. ಯಾರಿಗೆ ಹೇಳ್ತೀಯ ಈ ಕತೆ?"

ಬಾಗಿಲ ಮೂಲೆಗೆ ಹೋಗಿ ತುದಿಗಾಲಲ್ಲಿ ಗಿರಗಿರ ತಿರುಗಿದಳು. ಯಾವಾಗಲೂ ಹಾಗೇ, ಒಂದು ಕಡೆ ನಿಲ್ಲುವುದಿಲ್ಲ. ಬುಗುರಿ ಅಂತ ಹೆಸರಿಟ್ಟವನೂ ನಾನೇ.

ಜೋರಾಗಿಯೇ ಬೈದೆ. ಊಟ ಬಿಟ್ಟಳು.

ಜೂನ್ 10, ಬುಧವಾರ

ಸ್ಕೂಲಿನಿಂದ ಫೋನು. ಹೋದೆ. ಬುಗುರಿ ಕೊನೇ ಬೆಂಚಿನಲ್ಲಿ ಕಿಟಕಿ ಪಕ್ಕ ಒಬ್ಬಳೇ. ಮೂರು ಜನ ಕೂರುವ ಬೆಂಚು. ಕ್ಲಾಸ್ ಟೀಚರು ಚಿಕ್ಕ ಹುಡುಗಿ. ನನ್ನನ್ನು ವರಾಂಡಕ್ಕೆ ಕರೆದಳು.

"ಬೇರೆ ಮಕ್ಕಳ ಅಪ್ಪ ಅಮ್ಮ ಮಾತಾಡ್ತಿದ್ದಾರೆ ಸರ್."

"ಏನಂತ?"

"ನೀವೇ ಊಹಿಸ್ಕೊಳ್ಳಿ."

"ಊಹಿಸ್ಕೊಳ್ಳೋಕೆ ನಾನೇನು ಕವಿನಾ? ಬಿಡಿಸಿ ಹೇಳಮ್ಮ."

ಹೇಳಿದಳು. ವಾಸನೆಯ ಮಾತು, ಬೆಂಚಿನ ಮಾತು. ಆಮೇಲೆ ಇನ್ನೊಂದು. ನವೆಂಬರಿನಲ್ಲಿ ಇಡೀ ಕ್ಲಾಸು ಬಸ್ಸಿನಲ್ಲಿ ಡ್ಯಾಮು ನೋಡಲು ಹೋಗುತ್ತದೆ. ಬೆಳಿಗ್ಗೆ ಹೋದರೆ ಬರುವುದು ಸಾಯಂಕಾಲ. "ಈ ಸ್ಥಿತೀಲಿ ಇವಳನ್ನ ಕರ್ಕೊಂಡು ಹೋಗೋ ಧೈರ್ಯ ನನಗಿಲ್ಲ. ಅಷ್ಟರೊಳಗೆ ಸರಿಹೋದ್ರೆ ಮೊದಲ್ನೇ ಹೆಸರು ಅವಳದ್ದೇ ಬರೀತೀನಿ."

ಟೀಚರನ್ನು ಬೈಯಬೇಕೆಂದು ಬಾಯಿ ತೆಗೆದೆ. ಬೈಯಲು ಏನೂ ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

ದಾರಿಯಲ್ಲಿ ಬುಗುರಿ ಕೇಳಿದಳು. "ತಾತ, ಟ್ರಿಪ್ಪಿನ ಬಸ್ಸಲ್ಲಿ ನನ್ನ ಪಕ್ಕ ಯಾರಾದ್ರೂ ಕೂತ್ಕೋತಾರಾ?"

ಕೆಮ್ಮು ಬಂದವನ ಹಾಗೆ ಮಾಡಿದೆ.

ಜೂನ್ 12, ಶುಕ್ರವಾರ

ಮಕ್ಕಳ ಡಾಕ್ಟರಮ್ಮ. ಮಗಳು ಮಿಲ್ಲಿಗೆ ರಜೆ ಹಾಕಿದಳು. ಬುಗುರಿಯನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ನನ್ನ ಕೈಯನ್ನೂ ಹಿಡಿದು ಎಡಗಡೆ ಕೆಳಗೆ ಇಡಿಸಿದರು. ಕಲ್ಲು. ಉಂಡೆ ಉಂಡೆ ಕಲ್ಲು.

"ಸೋಮಾರಿತನ ಅಲ್ಲ, ಹಟಾನೂ ಅಲ್ಲ. ತಿಂಗಳುಗಟ್ಟಲೆಯಿಂದ ಹೊಟ್ಟೆ ಕಟ್ಟಿದೆ."

"ಹೊಟ್ಟೆ ಕಟ್ಟಿದ್ರೆ ಚಡ್ಡೀಲಿ ಹೆಂಗೆ ಬರುತ್ತೆ ಡಾಕ್ಟ್ರೇ? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನಾನು. ಆದ್ರೂ ಅಷ್ಟು ತಲೆ ಇದೆ."

"ಏನ್ ಕೆಲಸ ಮಾಡ್ತಿದ್ರಿ ನೀವು?"

"ಡ್ರೈವರು. ಬಸ್ಸು."

"ಕಿರಿದಾದ ರಸ್ತೇಲಿ ಲಾರಿ ಕೆಟ್ಟು ನಿಂತ್ರೆ ಏನಾಗುತ್ತೆ?"

"ಜಾಮು."

"ಸ್ಕೂಟರಿನವರು?"

"ಸಂದೀಲಿ ನುಗ್ಗಿಸ್ಕೊಂಡು ಹೋಗ್ತಾರೆ, ದರಿದ್ರದವರು."

"ಅದೇ ಇದು. ಗಟ್ಟಿ ಇರೋದು ಒಳಗೇ ನಿಂತಿದೆ. ನೀರಾಗಿರೋದು ಸಂದೀಲಿ ಸೋರ್ತಿದೆ. ಜಾಗ ಹಿಗ್ಗಿ ಹಿಗ್ಗಿ ಅವಳಿಗೆ ಅರಿವೇ ಹೋಗಿದೆ. ಗೊತ್ತಾಗಲ್ಲ ಅಂತ ಹೇಳಿದ್ದು ನಿಜಾನೇ."

ಆಮೇಲೆ ಕೇಳಿದರು, ತುದಿಗಾಲಲ್ಲಿ ನಿಲ್ಲುತ್ತಾಳಾ, ಮೂಲೆಗೆ ಹೋಗುತ್ತಾಳಾ, ಕಾಲು ಹೆಣೆದುಕೊಂಡು ತಿರುಗುತ್ತಾಳಾ ಅಂತ. ಓ, ಬುಗುರಿ ಥರ, ಅಂದೆ ನಾನು, ಹೆಮ್ಮೆಯಿಂದ.

"ಅದು ಆಟ ಅಲ್ಲ. ತಡ್ಕೊಳ್ಳೋದು."

ಮಗಳು ನನ್ನ ಕಡೆ ನೋಡಿದಳು. ಬಾಯಿಗೆ ಏನಾದರೂ ಬೇಕಿತ್ತು. "ತಾಳಿದವನು ಬಾಳಿಯಾನು ಅಂತಾರಲ್ಲ" ಅಂದೆ.

"ಇದೊಂದು ವಿಷಯ ಬಿಟ್ಟು" ಅಂದರು ಡಾಕ್ಟರಮ್ಮ.

ಯಾಕೆ ತಡೆದುಕೊಂಡಳು? ಅಮ್ಮನ ಕಿವಿಯಲ್ಲಿ ಹೇಳಿದಳು. ಸ್ಕೂಲಿನ ಬಾತ್‌ರೂಮಿಗೆ ಚಿಲಕವಿಲ್ಲ. ಒಂದು ದಿನ ಕೂತಿದ್ದಾಗ ಯಾರೋ ಬಾಗಿಲು ತಳ್ಳಿ ನಕ್ಕರಂತೆ. ಅವತ್ತಿನಿಂದ ಬಂದ್. ಗಟ್ಟಿಯಾಯಿತು. ಹೋದರೆ ನೋವು. ನೋವಿಗೆ ಹೆದರಿ ಇನ್ನೂ ಬಂದ್.

ಔಷಧಿ: ನೀರಿಗೆ ಹಾಕುವ ಪುಡಿ. ಮೊದಲು ಕೆಲವು ದಿನ ಜಾಸ್ತಿ, ಒಳಗಿನದೆಲ್ಲ ಹೊರಗೆ ಬರಬೇಕು. ಆಮೇಲೆ ದಿನಾ ಸ್ವಲ್ಪ, ತಿಂಗಳುಗಟ್ಟಲೆ. ಸರಿಹೋಯಿತು ಅಂತ ನಾವೇ ನಿಲ್ಲಿಸಬಾರದು. ತಿಂದ ಮೇಲೆ ಕೂರಿಸಬೇಕು, ಕಾಲ ಕೆಳಗೆ ಆಸರೆ ಬೇಕು. ಬೈಯಬಾರದು.

"ಬೈಯೋದು ಬಿಟ್ರೆ ನಮ್ಮನೇಲಿ ಮಾತೇ ಇರಲ್ಲ ಡಾಕ್ಟ್ರೇ" ಅಂದಳು ಮಗಳು.

ಜೂನ್ 14, ಭಾನುವಾರ

ಬರೆಯುವಂಥದ್ದಲ್ಲ. ಬಕೆಟ್, ಬಕೆಟ್, ಬಕೆಟ್.

ಜೂನ್ 15, ಸೋಮವಾರ

ಅಷ್ಟು ಪುಟ್ಟ ಹೊಟ್ಟೆಯಲ್ಲಿ ಅಷ್ಟೊಂದು ಎಲ್ಲಿತ್ತು? ಡಿಪೋದಲ್ಲಿ ಹಬೆ ಹಾಕಿ ಎಂಜಿನ್ ತೊಳೆದ ಹಾಗಾಯಿತು. ಮಗು ಸುಸ್ತಾಗಿ ನನ್ನ ತೊಡೆಯ ಮೇಲೆ ಮಲಗಿತು. ಹೊಟ್ಟೆ ಮುಟ್ಟಿ ನೋಡಿದೆ. ಕಲ್ಲಿಲ್ಲ. ಮೆತ್ತಗೆ. ಮಗುವಿನ ಹೊಟ್ಟೆಯ ಹಾಗೆ.

ಬೈಯದೆ ಮೂರು ದಿನ. ನನ್ನ ಹೊಟ್ಟೆಯೇ ಕಟ್ಟಿದ ಹಾಗಿದೆ.

ಜೂನ್ 18, ಗುರುವಾರ

ಕೂರುವುದಿಲ್ಲ ಅಂತ ಹಟ. ಕಮೋಡಿನ ಮೇಲೆ ಕಾಲು ನೇತಾಡುತ್ತದೆ, ನೆಲಕ್ಕೆ ಸಿಗುವುದಿಲ್ಲ. ತಿಣುಕಲು ಬಲ ಎಲ್ಲಿಂದ ಬರಬೇಕು? ಕ್ಲಚ್ಚಿಗೆ ಕಾಲು ಎಟುಕದ ಡ್ರೈವರು ಗೇರು ಹಾಕಿದ ಹಾಗೆ. ಹಣ್ಣಿನ ಪೆಟ್ಟಿಗೆ ಒಡೆದು ಹಲಗೆಯಲ್ಲಿ ಮಣೆ ಮಾಡಿದೆ. ಮೊಳೆ ಹೊಡೆಯುವಾಗ ಹೆಬ್ಬೆರಳು ಜಜ್ಜಿಕೊಂಡೆ. ಬೈಯಬಾರದೆಂದು ಡಾಕ್ಟರು ಹೇಳಿದ್ದು ಮಗುವನ್ನು ಮಾತ್ರ. ಸುತ್ತಿಗೆಯನ್ನು ಮನಸಾರೆ ಬೈದೆ.

ಮಣೆ ಸರಿಯಾಯಿತು, ಮಂಡಿ ಮೇಲಕ್ಕೆ ಬಂತು. ಹುಡುಗಿ ಮಾತ್ರ ಕೂತ ತಕ್ಷಣ ಎದ್ದಳು. "ನೋವಾಗುತ್ತೆ ತಾತ."

"ಪುಡಿ ಕುಡಿದಿದೀಯಲ್ಲ, ಆಗಲ್ಲ."

"ಆಗುತ್ತೆ."

ಊದುವ ಆಟ ಕೊಡಿ, ಊದಿದರೆ ಹೊಟ್ಟೆ ತಾನಾಗಿ ಒತ್ತುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ಸಂಜೆ ಪಾರ್ಕಿಗೆ ಹೋದೆ. ಸೀಟಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ನನ್ನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಸೀಟಿ ಊದೀ ಊದೀ ಅದೇ ಹೆಸರಾಯಿತು.

"ನಿನ್ನ ಸೀಟಿ ಕೊಡು."

"ಲೋ, ಅಷ್ಟು ವರ್ಷ ನಾನು ಊದಿದ್ರೆ ಉರ್ಕೊಂಡು ಬೀಳ್ತಿದ್ದೆ. ಈಗ ನಿನಗ್ಯಾಕೋ ಅದು?"

ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಮನೆಗೆ ಹೋಗಿ ಹಿತ್ತಾಳೆಯದನ್ನೇ ತಂದ, ಬಿಸಿನೀರಲ್ಲಿ ತೊಳೆದು. "ಎರಡು ಊದಿದ್ರೆ ರೈಟು, ಒಂದು ಊದಿದ್ರೆ ನಿಲ್ಸು ಅಂತ. ಹೇಳ್ಕೊಡು ಮಗೂಗೆ. ನಿನ್ನಂಥ ಮುಂಗೋಪಿ ಡ್ರೈವರಿಗೆ ಗಟ್ಟಿಯಾಗೇ ಊದ್ಬೇಕು ಅಂತಾನೂ ಹೇಳು."

ಜೂನ್ 19, ಶುಕ್ರವಾರ. ಬೆಳಿಗ್ಗೆ

ಏಳೂ ಇಪ್ಪತ್ತಕ್ಕೆ ಫಸ್ಟ್ ಟ್ರಿಪ್. ಕಂಡಕ್ಟರು ಒಳಗೆ ಸೀಟಿನ ಮೇಲೆ. ಡ್ರೈವರು ಬಾತ್‌ರೂಮ್ ಬಾಗಿಲ ಹೊರಗೆ ಕುರ್ಚಿಯಲ್ಲಿ, ಕೈಯಲ್ಲಿ ಊಟದ ತಟ್ಟೆ. ಸ್ಟೇರಿಂಗು.

"ಕಾನೂನು ಕೇಳು. ನಮ್ಮ ಬಸ್ಸು ಟೈಮಿಗೆ ಬರುತ್ತೆ, ಟೈಮಿಗೆ ಹೋಗುತ್ತೆ. ಪ್ಯಾಸೆಂಜರ್ ಇಳಿದ್ರೂ ರೈಟು, ಇಳೀದಿದ್ರೂ ರೈಟು. ಯಾರಿಗೂ ಬೈಗುಳ ಇಲ್ಲ."

"ಡ್ರೈವರು ಬೈದ್ರೆ?"

"ಡ್ರೈವರನ್ನ ಸಸ್ಪೆಂಡ್ ಮಾಡು."

ಊದಿದಳು. ಕಿವಿ ಕಿತ್ತು ಹೋಗುವ ಹಾಗೆ. ನಾನು ಡುರ್ರ್ ಅಂತ ಎಂಜಿನ್ ಶುರು ಮಾಡಿದೆ. ಪಕ್ಕದ ಮನೆಯ ಟೈಲರಮ್ಮ ಗೋಡೆಯಾಚೆಯಿಂದ "ಅಣ್ಣಾ, ಹುಷಾರಾಗಿದೀರಾ?" ಅಂದಳು.

ಯಾರೂ ಇಳಿಯಲಿಲ್ಲ. ರೈಟು.

ಜೂನ್ 23, ಮಂಗಳವಾರ

"ತಾತಾ! ಇಬ್ಬರು ಇಳಿದ್ರು!"

ತಟ್ಟೆ ಕೈಯಿಂದ ಜಾರಿ ಬಿತ್ತು.

"ನೋವಾಯ್ತಾ?"

"ಇಲ್ಲ ತಾತ... ಆಗ್ಲೇ ಇಲ್ಲ!"

ಮಿಲ್ಲಿಗೆ ಫೋನು ಹಾಕಿದೆ. ಮೆಷಿನ್ನಿನ ಸದ್ದಿನಲ್ಲಿ ಮಗಳಿಗೆ ಕೇಳಿಸಲಿಲ್ಲ. ಕಿರುಚಿದೆ. ಈಗ ಬೀದಿಗೆಲ್ಲ ಗೊತ್ತು, ಇಬ್ಬರು ಇಳಿದರು ಅಂತ.

ಜುಲೈ 7, ಮಂಗಳವಾರ

ಮನೆಯಲ್ಲಿ ಬಸ್ಸು ಸಲೀಸು. ಸ್ಕೂಲಿನಲ್ಲಿ ಇನ್ನೂ ಹೋಗುವುದಿಲ್ಲ. ಹಾಗಾದರೆ ಬೇರು ಅಲ್ಲೇ ಇದೆ.

ಚಿಲಕ, ಸ್ಕ್ರೂ, ಸ್ಕ್ರೂಡ್ರೈವರು ತೆಗೆದುಕೊಂಡು ಸ್ಕೂಲಿಗೆ ಹೋದೆ. ಹುಡುಗಿಯರೆಲ್ಲ ಕ್ಲಾಸಿನಲ್ಲಿದ್ದ ಹೊತ್ತು. ಆಫೀಸಿನ ಗುಮಾಸ್ತ ಅಡ್ಡ ಬಂದ.

"ಪರ್ಮಿಷನ್ ತಗೊಂಡ್ರಾ?"

"ಚಿಲಕ ಹಾಕೋಕೆ ಪರ್ಮಿಷನ್ನಾ? ನಿಮ್ಮ ಸ್ಟಾಫ್ ಬಾತ್‌ರೂಮಿಗೆ ಚಿಲಕ ಇದೆಯಾ?"

"ಇದೆಯಲ್ಲ."

"ಬಿಚ್ಚಿಸಿ. ಒಂದು ವಾರ ಹಂಗೇ ಹೋಗಿ ಬನ್ನಿ. ಆಮೇಲೆ ನಾವಿಬ್ರೂ ಕೂತು ಪರ್ಮಿಷನ್ ಮಾತಾಡೋಣ."

ಗಲಾಟೆಗೆ ದೊಡ್ಡ ಮೇಡಂ ಬಂದರು. ಕನ್ನಡಕದ ಮೇಲಿಂದ ನೋಡಿದರು. "ಎಷ್ಟು ಬಾಗಿಲಿಗೆ ಇಲ್ಲ?"

"ಒಂದಕ್ಕೂ ಇಲ್ಲ ಮೇಡಂ. ಬಾಗಿಲಿಗೆ ಚಿಲಕ ಇಲ್ದೆ ಮಕ್ಕಳಿಗೆ ಶಿಸ್ತು ಹೇಳ್ಕೊಡ್ತೀರಾ?"

ಗುಮಾಸ್ತ ಎರಡು ಹೆಜ್ಜೆ ಹಿಂದೆ ಸರಿದ. ಮೇಡಂ ಒಂದು ಬಾಗಿಲನ್ನು ತಾವೇ ತಳ್ಳಿ ನೋಡಿದರು. ತಾನಾಗಿ ತೆರೆದುಕೊಂಡಿತು. "ಇವರಿಗೆ ಏಣಿ, ಡ್ರಿಲ್ಲು ಕೊಡಿ. ಉಳಿದ ಬಾಗಿಲಿಗೂ ಇವತ್ತೇ ಚಿಲಕ ತರಿಸಿ."

ಏಣಿ ಬೇಡ ಅಂದೆ. ಚಿಲಕ ಕೆಳಗೆ ಹಾಕಿದೆ, ಎರಡನೇ ಕ್ಲಾಸಿನ ಕೈಗೆ ಎಟುಕುವಷ್ಟು ಎತ್ತರಕ್ಕೆ.

ಸಾಯಂಕಾಲ ಬುಗುರಿ: "ತಾತ, ಎಲ್ಲರೂ ಸುಮ್‌ಸುಮ್ನೆ ಹೋಗಿ ಚಿಲಕ ಹಾಕಿ ಬಂದ್ರು. ಲೈನಲ್ಲಿ ನಿಂತು!"

ಆಗಸ್ಟ್ 2, ಭಾನುವಾರ

ತುಂಬಾ ದಿನ ಬರೆಯಲಿಲ್ಲ. ಬರೆಯುವಂಥ ಕೆಟ್ಟದ್ದೇನೂ ಆಗಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಣಹಾಕುವ ದಾರ ಖಾಲಿ. ಟೈಲರಮ್ಮ ಕೇಳಿದಳು, "ಏನಣ್ಣಾ, ಇತ್ತೀಚೆಗೆ ಬಾವುಟ ಹಾರಿಸ್ತಾನೇ ಇಲ್ಲ?" ನಾಲಿಗೆಯ ತುದಿಗೆ ಉತ್ತರ ಬಂದಿತ್ತು, ಹಲ್ಲು ಕಚ್ಚಿ ಹಿಡಿದೆ. ಪಾಪ, ಹಳೇ ಬಟ್ಟೆಯಲ್ಲಿ ಆರು ಚಡ್ಡಿ ಹೊಲಿದುಕೊಟ್ಟವಳು.

ದಿನಾ ಪುಡಿ. ನೀರು. ಪಪ್ಪಾಯ, ಸೊಪ್ಪು. ಬೆಳಿಗ್ಗೆ ಏಳೂ ಇಪ್ಪತ್ತು, ರಾತ್ರಿ ಊಟವಾದ ಮೇಲೆ ಎಂಟು. ಟೈಮ್ ಟೇಬಲ್ ನಾನೇ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೇನೆ. ಒಂದು ಟ್ರಿಪ್ಪೂ ತಪ್ಪಿಲ್ಲ. ಡಿಪೋದಲ್ಲಿ ಈ ಶಿಸ್ತು ಇದ್ದಿದ್ದರೆ ಊರು ಉದ್ಧಾರವಾಗುತ್ತಿತ್ತು.

ಸೆಪ್ಟೆಂಬರ್ 15, ಮಂಗಳವಾರ

ಮಾಮೂಲು. ಸಾಯಂಕಾಲ ಛತ್ರಿ ರಿಪೇರಿ ಮಾಡುತ್ತಿದ್ದೆ. ಕಡ್ಡಿ ಕೂರುತ್ತಿಲ್ಲ. ಬುಗುರಿ ಆಟ ಬಿಟ್ಟು ಓಡಿ ಬಂದಳು. "ತಾತ, ಬರ್ತಾ ಇದೆ ಅನ್ಸುತ್ತೆ."

"ಈಗ್ಲಾ? ಈಗ ಬಸ್ಸಿಲ್ಲ. ಎಂಟಕ್ಕಿದೆ. ಅಲ್ಲೀವರೆಗೂ ತಡ್ಕೋ."

ಸರಿ ತಾತ ಅಂದಳು. ಮೂಲೆಗೆ ಹೋಗಿ ಆಡಿಕೊಂಡಳು. ಮಾತು ಕೇಳುವ ಮಗು. ಎಂಟರ ಬಸ್ಸಿನಲ್ಲಿ ಯಾರೂ ಇಳಿಯಲಿಲ್ಲ. ರೈಟು.

ಛತ್ರಿ ಕೊನೆಗೂ ಸರಿಯಾಯಿತು.

ಸೆಪ್ಟೆಂಬರ್ 17, ಗುರುವಾರ

ನಿನ್ನೆ ಯಾರೂ ಇಳಿಯಲಿಲ್ಲ. ಇವತ್ತೂ ಇಲ್ಲ. ಬುಗುರಿಗೆ ಊಟ ಸೇರುತ್ತಿಲ್ಲ.

ಸೆಪ್ಟೆಂಬರ್ 18, ಶುಕ್ರವಾರ

ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಕವರು. ಗಂಟು.

ತಲೆಗೆ ಏರಿತು. ಜೂನ್ ತಿಂಗಳಿಂದ ನುಂಗಿಕೊಂಡದ್ದೆಲ್ಲ ಒಂದೇ ಸಲ ಆಚೆ ಬಂತು. ಮತ್ತೆ ಶುರುನಾ, ಇಷ್ಟು ಮಾಡಿದ್ದು ನೀರಲ್ಲಿ ಹೋಮನಾ, ಎಂಟು ವರ್ಷದ ಕುದುರೆ ಆಗ್ತಾ ಬಂದೆ ಅಂತ ಏನೇನೋ. ಮಗು ಅಳಲಿಲ್ಲ. ತಲೆಯೆತ್ತಿ ನೋಡಿತು.

"ನಾನು ಹೇಳ್ದೆ ತಾತ. ಬರ್ತಿದೆ ಅಂತ ಹೇಳ್ದೆ. ನೀನೇ ಬಸ್ಸಿಲ್ಲ ಅಂದೆ."

ಆಗಷ್ಟೇ ಒಳಗೆ ಬಂದ ಮಗಳು ಚಪ್ಪಲಿ ಬಿಡುತ್ತಿದ್ದಳು. ಹಾಗೇ ನಿಂತಳು, ಒಂದು ಕಾಲಲ್ಲಿ ಚಪ್ಪಲಿ.

"ಯಾವತ್ತು ಹೇಳಿದ್ಲು?"

"ಮಂಗಳವಾರ. ಸಾಯಂಕಾಲ. ಟೈಮಲ್ಲದ ಟೈಮಲ್ಲಿ..."

"ಅಪ್ಪಾ! ಅವಳಿಗೆ ಗೊತ್ತಾಯ್ತು ಕಣಪ್ಪಾ! ಇಷ್ಟು ತಿಂಗಳಲ್ಲಿ ಮೊದಲ್ನೇ ಸಲ ಅವಳಿಗೇ ಗೊತ್ತಾಯ್ತು. ಓಡಿ ಬಂದು ಹೇಳಿದ್ಲು. ನೀನು ತಡ್ಕೋ ಅಂದ್ಯಾ?"

"ಟೈಮ್ ಟೇಬಲ್ಲು..."

"ನಿನ್ನ ಟೈಮ್ ಟೇಬಲ್ಲಿಗೆ ಬೆಂಕಿ ಹಾಕ! ಹೊಟ್ಟೆಗೇನು ಡಿಪೋ ಮ್ಯಾನೇಜರು ಇದಾನಾ?"

ನನಗೆ ಎದುರು ಮಾತಾಡಿದವರು ಈ ಮನೆಯಲ್ಲಿ ಯಾರೂ ಇರಲಿಲ್ಲ. ಇವತ್ತು ಇಬ್ಬರು ಆಡಿದರು. ಇಬ್ಬರೂ ಸರಿ.

ಆಟವಾಡಿಕೊಂಡಳು ಅಂತ ಬರೆದಿದ್ದೇನಲ್ಲ ಮೇಲೆ. ಆಟವಲ್ಲ. ಮೂಲೆಯಲ್ಲಿ ತುದಿಗಾಲಲ್ಲಿ ತಿರುಗುತ್ತಿದ್ದಳು. ಕಣ್ಣೆದುರೇ. ನಾನು ಛತ್ರಿಯ ಕಡ್ಡಿ ನೋಡುತ್ತಿದ್ದೆ.

ಸೆಪ್ಟೆಂಬರ್ 19, ಶನಿವಾರ

ಮಗಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಎರಡು ದಿನ ಪುಡಿ ಜಾಸ್ತಿ, ಆಮೇಲೆ ಮೊದಲಿನಷ್ಟೇ. ಹೀಗಾಗುವುದು ಉಂಟಂತೆ. "ತಾತನಿಗೆ ಬೈದ್ರಾ?" ಅಂತ ಕೇಳಿದರಂತೆ. "ಬೈದೆ" ಅಂದಳಂತೆ. "ಅವರಿಗೂ ಬೈಯಬೇಡಿ" ಅಂದರಂತೆ. ಒಳ್ಳೆಯ ಹೆಂಗಸು.

ಬೆಳಿಗ್ಗೆ ಬಾಗಿಲ ಟೈಮ್ ಟೇಬಲ್ ಕಿತ್ತೆ. ಬುಗುರಿ ನೋಡುತ್ತ ನಿಂತಿದ್ದಳು.

"ಬಸ್ಸು ಬಂದ್ ಆಯ್ತಾ ತಾತ?"

"ಇಲ್ಲ. ಏಳೂ ಇಪ್ಪತ್ತರದ್ದು, ಎಂಟರದ್ದು ಇದ್ದೇ ಇದೆ. ಇನ್ಮೇಲೆ ಸ್ಪೆಷಲ್ ಬಸ್ಸೂ ಇದೆ. ಯಾವಾಗ ಬೇಕಾದ್ರೂ, ಎಲ್ಲಿ ಬೇಕಾದ್ರೂ. ನೀನು ಹೋಲ್ಡಾನ್ ಅಂದ್ರೆ ಸಾಕು. ಡ್ರೈವರು ಏನೇ ಮಾಡ್ತಿದ್ರೂ ಬ್ರೇಕ್ ಹಾಕ್ಬೇಕು."

"ಬೈಯ್ತಾ ಬ್ರೇಕ್ ಹಾಕ್ತಾನಾ?"

"ಬಾಯಿ ಮುಚ್ಕೊಂಡು ಹಾಕ್ತಾನೆ."

ಯೋಚಿಸಿದಳು. "ನಿನ್ನೆ ಡ್ರೈವರು ಬೈದ. ಸಸ್ಪೆಂಡ್ ಆಗ್ಬೇಕು."

"ಎಷ್ಟು ದಿನ?"

"ಇವತ್ತು ಒಂದು ದಿನ. ಸೀಟಿ ತಾತ ಬಂದು ಓಡಿಸ್ಲಿ."

ಸೀಟಿ ಬಂದ. ನನ್ನ ಕುರ್ಚಿಯಲ್ಲಿ ಕೂತು ನನ್ನ ತಟ್ಟೆ ತಿರುಗಿಸಿದ. ಜೀವಮಾನದ ಆಸೆ ತೀರಿತು ಅಂದ. ಅಡುಗೆಮನೆಯಲ್ಲಿ ನಿಂತು ಹಲ್ಲು ಕಡಿದೆ.

ಸೆಪ್ಟೆಂಬರ್ 27, ಭಾನುವಾರ

ಪರೀಕ್ಷೆ ಮಾಡುತ್ತಿದ್ದಾಳೆ. ನಿಜವಾಗಿ ನಿಲ್ಲಿಸುತ್ತೇನಾ ಅಂತ. ಅಂಗಡಿಯ ಲೈನಿನಲ್ಲಿ "ಹೋಲ್ಡಾನ್!" ಹೊಳೆ ಸೇತುವೆಯ ಮೇಲೆ "ಹೋಲ್ಡಾನ್!" ಹೋದರೆ ಏನೂ ಇಲ್ಲ. "ಸಾರಿ ತಾತ, ಗಾಳಿ ಅಷ್ಟೇ." ರೈಟು.

ಇವತ್ತು ಕ್ಷೌರದಂಗಡಿ. ಒಂದು ಕೆನ್ನೆ ಬೋಳು, ಇನ್ನೊಂದಕ್ಕೆ ಸೋಪು. ಕತ್ತಿ ಗಂಟಲ ಹತ್ತಿರ.

"ತಾತ, ಹೋಲ್ಡಾನ್."

ಈ ಸಲ ಮೆಲ್ಲಗೆ ಹೇಳಿದಳು. ಮುಖ ನೋಡಿದರೆ ಗೊತ್ತಾಯಿತು. ಎದ್ದೆ. ಕೊರಳಿಗೆ ಬಟ್ಟೆ ಕಟ್ಟಿದ ಹಾಗೇ, ಸೋಪಿನ ಹಾಗೇ, ಕೈ ಹಿಡಿದು ಓಡಿದೆ. ಕ್ಷೌರದವನು ಕತ್ತಿ ಹಿಡಿದು ಹಿಂದೆಯೇ ಬಂದ, "ಸಾರ್, ಬಟ್ಟೆ! ನನ್ನ ಬಟ್ಟೆ!" ನೋಡಿದ ಜನ ಏನೆಂದುಕೊಂಡರೋ. ಎದುರಿನ ಹೋಟೆಲಿನ ಹಿಂದೆ ಬಾತ್‌ರೂಮು. ನಾನು ಬಾಗಿಲ ಮುಂದೆ ಕಾವಲು. ಹೋಟೆಲಿನವನು ಏನೋ ಅನ್ನಲು ಬಂದ, ನನ್ನ ಅರ್ಧ ಮುಖ ನೋಡಿ ವಾಪಸ್ ಹೋದ.

ಒಳಗಿನಿಂದ: "ತಾತ... ಮೂರು ಜನ! ದೊಡ್ಡವರು!"

ಚಡ್ಡಿಯಲ್ಲಿ ಕಲೆಯಿಲ್ಲ. ಟೈಮ್ ಟೇಬಲ್ಲಿಲ್ಲ, ಯಾರೂ ನೆನಪಿಸಿಲ್ಲ, ಅವಳ ಹೊಟ್ಟೆ ಅವಳಿಗೆ ಹೇಳಿತು, ಅವಳು ನನಗೆ ಹೇಳಿದಳು.

ಸೋಪು ಕಣ್ಣಿಗೆ ಹೋಗಿತ್ತು. ಅದಕ್ಕೇ ನೀರು ಬಂತು.

ಅಕ್ಟೋಬರ್ 20, ಮಂಗಳವಾರ

ಬುಗುರಿ ಎರಡನೇ ಬೆಂಚಿಗೆ ಬಂದಿದ್ದಾಳೆ. ಟೀಚರು ಕೂರಿಸಿದ್ದಲ್ಲ. ಎರಡು ಜಡೆಯ ಹುಡುಗಿಯೊಂದು "ಇಲ್ಲಿ ಜಾಗ ಇದೆ ಬಾ" ಅಂತ ಕರೆದದ್ದು.

ನಡುವೆ ಒಂದು ದಿನ ಸ್ವಲ್ಪ ಆಗಿತ್ತು. ಬಚ್ಚಿಡಲಿಲ್ಲ. ಬಂದು ಹೇಳಿದಳು, ತಾನೇ ನಲ್ಲಿಯ ಹತ್ತಿರ ಕೂತಳು. ಒಬ್ಬರೂ ಮುಖ ಗಂಟಿಕ್ಕಲಿಲ್ಲ. ನಾನೂ ಇಲ್ಲ. ಮಗಳು ಎರಡು ಸಲ ತಿರುಗಿ ನೋಡಿದಳು, ಇವರು ನಮ್ಮಪ್ಪಾನಾ ಅಂತ.

ಪುಡಿ ಇನ್ನೂ ನಡೆಯುತ್ತಿದೆ. ನಿಲ್ಲಿಸುವ ಮಾತು ಡಾಕ್ಟರಮ್ಮ ಹೇಳುವವರೆಗೂ ಇಲ್ಲ.

ನವೆಂಬರ್ 9, ಸೋಮವಾರ

ಟ್ರಿಪ್ಪಿನ ಪಟ್ಟಿ ಬೋರ್ಡಿಗೆ ಬಂದಿದೆ. ಮೊದಲ ಹೆಸರು ಬುಗುರಿಯದು. ಟೀಚರು ಮಾತಿಗೆ ತಪ್ಪದವಳು. ಜೊತೆಗೆ ನಾನೂ ಬರುತ್ತೇನೆ ಅಂದೆ. "ಬೇಡ ತಾತ" ಅಂದದ್ದು ಟೀಚರಲ್ಲ, ಬುಗುರಿ.

ನವೆಂಬರ್ 13, ಶುಕ್ರವಾರ. ಬೆಳಿಗ್ಗೆ 7

ಬಸ್ಸು ಹೋಯಿತು. ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ ಅಂತ ಡ್ರೈವರಿಗೆ ಹೇಳಿದೆ. "ನೀವು ಯಾರು ಸಾರ್?" ಅಂದ. "ಇದರಲ್ಲಿರೋ ಪ್ಯಾಸೆಂಜರಿನ ತಾತ" ಅಂದೆ.

ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟಿದ್ದೆ. ತೆಗೆದು ಕುರ್ಚಿಯ ಮೇಲಿಟ್ಟು ಹೋಗಿದ್ದಾಳೆ, ಪೋರಿ.

ಮಧ್ಯಾಹ್ನ 12

ಫೋನಿಲ್ಲ.

2

ಫೋನಿಲ್ಲ. ಊಟ ಮಾಡಲಿಲ್ಲ. ಸೀಟಿ ಬಂದು ಕೂತಿದ್ದಾನೆ. ಅವನೂ ಮಾಡಲಿಲ್ಲ. "ಕೆಟ್ಟ ಸುದ್ದಿಗೆ ಕಾಲು ಜಾಸ್ತಿ, ಬರಬೇಕಿದ್ರೆ ಇಷ್ಟೊತ್ತಿಗೆ ಬರ್ತಿತ್ತು" ಅನ್ನುತ್ತಾನೆ. ಬಾಯಿ ಮುಚ್ಚು ಅಂದೆ.

ಸಾಯಂಕಾಲ 7

ಬಸ್ಸು ಬಂತು. ಮೊದಲು ಟೀಚರು ಇಳಿದು ನೇರ ನನ್ನ ಹತ್ತಿರ ಬಂದಳು.

"ಸರ್, ನಿಮ್ಮ ಮೊಮ್ಮಗಳು ಏನ್ ಮಾಡಿದ್ಲು ಗೊತ್ತಾ?"

ಮುಗೀತು ಅಂದುಕೊಂಡೆ.

"ಹೈವೇಲಿ, ಎಲ್ಲರೂ ಹಾಡ್ತಿದ್ರು. ಇವಳು ಎದ್ದು ನಿಂತು ಹೋಲ್ಡಾನ್ ಅಂತ ಕೂಗಿದ್ಲು ನೋಡಿ! ಡ್ರೈವರು ಗಾಬರಿಯಾಗಿ ಪಕ್ಕಕ್ಕೆ ಹಾಕಿದ್ರು. ನನಗೆ ಎರಡಕ್ಕೆ ಹೋಗ್ಬೇಕು ಅಂತ ಎಲ್ಲರ ಮುಂದೆ ಹೇಳಿದ್ಲು. ಒಂಚೂರೂ ನಾಚಿಕೆ ಇಲ್ಲ. ಮುಂದೆ ಪೆಟ್ರೋಲ್ ಬಂಕ್ ಇತ್ತು, ಕರ್ಕೊಂಡು ಹೋದೆ."

"ಮಕ್ಕಳು ನಕ್ಕರಾ?"

"ನಗೋದಾ? ಅವಳು ಇಳಿದಿದ್ದೇ ತಡ, ನಂಗೂ ಮಿಸ್, ನಂಗೂ ಮಿಸ್ ಅಂತ ಅರ್ಧ ಬಸ್ಸು ಇಳೀತು! ಒಬ್ಬ ಬೆಳಿಗ್ಗೆಯಿಂದ ತಡ್ಕೊಂಡಿದ್ನಂತೆ, ಕೇಳೋಕೆ ಹೆದರಿಕೆಯಂತೆ. ಲೈನು ರಸ್ತೆವರೆಗೂ ಬಂತು. ಇವಳು ಮುಂದೆ ನಿಂತು ಎಲ್ಲರಿಗೂ ಚಿಲಕ ಹಾಕೋದು ತೋರಿಸ್ತಿದ್ಲು."

ಮಗಳು ನನ್ನ ತೋಳು ಹಿಡಿದುಕೊಂಡಳು. ಮಿಲ್ಲಿನ ಬಟ್ಟೆಯಲ್ಲೇ ಓಡಿ ಬಂದಿದ್ದಳು, ಕೂದಲಲ್ಲೆಲ್ಲ ನೂಲು. ಹಿಡಿದುಕೊಳ್ಳಲಿ ಅಂತ ನೆಟ್ಟಗೆ ನಿಂತೆ. ಇಲ್ಲದಿದ್ದರೆ ನಾನೇ ಅವಳನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು.

ಬುಗುರಿ ಕೊನೆಯಲ್ಲಿ ಇಳಿದಳು. ಜಗಳವಾಡುತ್ತ. ಎರಡು ಜಡೆಯದು ಒಂದು ಕೈ ಎಳೆಯುತ್ತಿತ್ತು, ಇನ್ನೊಬ್ಬಳು ಇನ್ನೊಂದು ಕೈ. ಹೋಗುವಾಗ ಅವಳ ಪಕ್ಕ ಒಬ್ಬಳು ಕೂತಿದ್ದಳಂತೆ, ಬರುವಾಗ ನನ್ನ ಸರದಿ ಅಂತ ಇನ್ನೊಬ್ಬಳು. ಇನ್ನೂ ಮುಗಿದಿರಲಿಲ್ಲ ಆ ವ್ಯಾಜ್ಯ.

"ಡ್ಯಾಮು ಹೆಂಗಿತ್ತೇ?" ಅಂತ ಸೀಟಿ ಕೇಳಿದ.

"ಅವರೂ ತುಂಬಾ ತಡ್ಕೊಂಡಿದ್ರು. ನಾವು ಹೋದ್ಮೇಲೆ ನೀರು ಬಿಟ್ರು."

ನಡುರಸ್ತೆಯಲ್ಲಿ ನಿಂತು ನಕ್ಕೆವು. ಎಷ್ಟು ವರ್ಷವಾಗಿತ್ತೋ ಹೊಟ್ಟೆ ಹುಣ್ಣಾಗುವಷ್ಟು ನಕ್ಕು.

ನವೆಂಬರ್ 22, ಭಾನುವಾರ. ಬೆಳಿಗ್ಗೆ

ಈಗ ಬಸ್ಸಿಗೆ ಡ್ರೈವರು ಬೇಡವಂತೆ. ಕುರ್ಚಿ ಎತ್ತಿಡು ತಾತ, ನೀನು ಡುರ್ರ್ ಅಂದರೆ ನನ್ನ ಗಮನ ಅತ್ತ ಹೋಗುತ್ತೆ ಅಂದಳು. ಎತ್ತಿಟ್ಟೆ. ಅಡುಗೆಮನೆಯ ಮೇಜಿನ ಮೇಲೆ ಇದನ್ನು ಬರೆಯುತ್ತಾ ಕೂತಿದ್ದೇನೆ. ಬಾತ್‌ರೂಮ್ ಬಾಗಿಲು ಒಳಗಿನಿಂದ ಚಿಲಕ. ಒಳಗೆ ಹಾಡು ಬೇರೆ. ಆಗಲಿ, ಅವಳ ರಾಜ್ಯ.

ನಿನ್ನೆ ಪಪ್ಪಾಯ ಉಳಿದಿತ್ತು, ಹಾಳಾಗುತ್ತದೆ ಅಂತ ನಾನೇ ಪೂರ್ತಿ ತಿಂದೆ. ಅದರ ಫಲ ಈಗ ಹೊಟ್ಟೆಯಲ್ಲಿ ಗುಡುಗುತ್ತಿದೆ. ಎದ್ದು ಹೋಗಿ ಬಾಗಿಲು ತಟ್ಟಿದೆ.

"ಇನ್ನೂ ಎಷ್ಟೊತ್ತೇ?"

"ಈಗಷ್ಟೇ ಒಬ್ರು ಇಳಿದ್ರು ತಾತ. ಇನ್ನೂ ಇದಾರೆ."

"ಬೇಗ ಇಳಿಸು!"

"ಅರ್ಜೆಂಟ್ ಮಾಡ್ಬಾರ್ದು ಅಂತ ಡಾಕ್ಟರಮ್ಮ ಹೇಳಿದಾರೆ."

ಬಂದು ಕೂತೆ. ಬೈಯುವ ಹಾಗಿಲ್ಲ. ಕಾಲು ಹೆಣೆದುಕೊಂಡು ಬರೆಯುತ್ತಿದ್ದೇನೆ. ಅವಳೇ ಒಳಗಿನಿಂದ ಕೂಗಿದಳು. "ತಾತ, ತಡ್ಕೋಬೇಡ! ತಡ್ಕೊಂಡ್ರೆ ಕಲ್ಲಾಗುತ್ತೆ! ಟೈಲರಮ್ಮನ ಮನೆಗೆ ಹೋಗು! ನಾಚಿಕೆ ಪಡ್ಬೇಡ, ಎಲ್ಲರಿಗೂ ಬರುತ್ತೆ!"

ಈ ವಯಸ್ಸಿನಲ್ಲಿ, ಬೆಳ್ಳಂಬೆಳಿಗ್ಗೆ, ಪಕ್ಕದ ಮನೆಯ ಹೆಂಗಸಿನ ಬಾಗಿಲಲ್ಲಿ ನಿಂತು ಏನಂತ ಕೇಳು... ಅಯ್ಯೋ, ಇನ್ನು ಆಗುವುದಿ—